ಇಸಿಲೇಲಿಗೆ ಹೋದ ಪತ್ರ

ಗೆಣಸನ್ನು ಎರಡು ಸಲ ಬೇಯಿಸಿ, ಎರಡು ಸಲವೂ ನೀರು ಚೆಲ್ಲಿಬಿಡಬೇಕು ಎಂದು ಡಾಕ್ಟರಮ್ಮ ಹೇಳಿದ ದಿನವೇ ನನ್ನ ಅಡಿಗೆಮನೆಯ ಮಾನ ಹೋಯಿತು. ತೆಂಗಿನಹಾಲು ಬೇಡ, ಬಾಳೆಹಣ್ಣು ಬೇಡ, ಉಪ್ಪು ಮುಟ್ಟಬಾರದು, ಡಬ್ಬಿಯ ಮಾಂಸವಂತೂ ಕನಸಿನಲ್ಲೂ ಕೂಡದು. ಇಷ್ಟನ್ನೂ ಬಿಟ್ಟ ಮೇಲೆ ವವಾವು ದ್ವೀಪದಲ್ಲಿ ಒಬ್ಬ ಗಂಡಸಿಗೆ ತಿನ್ನಲು ಉಳಿಯುವುದಾದರೂ ಏನು? ನನ್ನ ಗಂಡ ಸೆಮಿಸಿ ಆ ಸಪ್ಪೆ ಗೆಣಸನ್ನು ತಟ್ಟೆಯ ಈ ತುದಿಯಿಂದ ಆ ತುದಿಗೆ ತಳ್ಳುತ್ತ ಕೂತಿರುತ್ತಿದ್ದರು.

"ಇದನ್ನ ಹಂದಿಗೆ ಹಾಕಿದ್ರೆ ಹಂದೀನೂ ಬೈಯುತ್ತೆ ಕಣೇ ತೆಲೇಸಿಯಾ."

"ಹಂದಿಗೆ ಎರಡು ಕಿಡ್ನೀನೂ ನೆಟ್ಟಗಿವೆ. ನೀವು ನಿಮ್ಮದು ನೋಡ್ಕೊಳ್ಳಿ," ಎಂದೆ ನಾನು.

ಬಾಯಿ ನನ್ನದು ಜೋರು, ಒಪ್ಪಿಕೊಳ್ಳುತ್ತೇನೆ. ಆದರೆ ಆವತ್ತು ಜೋರು ಮಾಡದಿದ್ದರೆ ಅಳು ಬರುತ್ತಿತ್ತು. ಅವರ ಎರಡು ಕಿಡ್ನಿಗಳೂ ಕೆಟ್ಟಿದ್ದವು. ರಕ್ತ ತೊಳೆಯುವ ಯಂತ್ರ ನಮ್ಮ ದ್ವೀಪದಲ್ಲಿಲ್ಲ. ಅವರು ಹಿಂದೆ ಹನ್ನೊಂದು ವರ್ಷ ಆಕ್ಲೆಂಡಿನಲ್ಲಿ ದುಡಿದವರಾದ್ದರಿಂದ ಅಲ್ಲಿನ ಆಸ್ಪತ್ರೆಯವರು ಸೇರಿಸಿಕೊಳ್ಳಲು ಒಪ್ಪಿದ್ದರು. "ಕಿಡ್ನಿ ಕೊಡೋರನ್ನ ಮಾತ್ರ ನೀವೇ ಹುಡುಕ್ಬೇಕು. ರಕ್ತಸಂಬಂಧದವರಾದ್ರೆ ಒಳ್ಳೇದು. ನಾಲ್ಕು ತಿಂಗಳ ಒಳಗೆ," ಎಂದಿದ್ದಳು ಡಾಕ್ಟರಮ್ಮ. ನನಗೆ ಸಕ್ಕರೆ ಕಾಯಿಲೆ, ನನ್ನದು ನಡೆಯುವುದಿಲ್ಲ. ನಮ್ಮ ಒಬ್ಬಳೇ ಮಗಳು ಪಿಸಿಲಾಳ ರಕ್ತ ಹೊಂದಲಿಲ್ಲ. ಆ ಕಾಗದ ಬಂದ ದಿನ ಅವಳು ಬಾವಿಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಅತ್ತಳು.

ಹತ್ತಿರದ ರಕ್ತ ಯಾರದು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕ್ಲೆಂಡಿನಲ್ಲಿರುವ ಅವರ ಅಕ್ಕ ಕಲೊಲೈನೆ. ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಒಂದೇ ಸೂರಿನಡಿ ಮಲಗುವುದಿಲ್ಲ, ಮೈಯ ಮಾತನ್ನಂತೂ ಒಬ್ಬರ ಕಿವಿಗೆ ಇನ್ನೊಬ್ಬರು ಬೀಳಿಸುವುದೇ ಇಲ್ಲ. ಅಲ್ಲದೆ ಅಕ್ಕ ಎಂದರೆ ತಮ್ಮನ ಮನೆಗೆ ಫಹು, ಎಲ್ಲರಿಗಿಂತ ಮೇಲಿನವಳು. ಅವಳು ಕೇಳಿದ್ದನ್ನು ನಾವು ಇಲ್ಲವೆನ್ನುವಂತಿಲ್ಲ. ಅವಳನ್ನು ನಾವು ಏನೂ ಕೇಳುವಂತಿಲ್ಲ.

ನಾನು ಒಮ್ಮೆ ಮೆಲ್ಲಗೆ, "ಅಲ್ಲ ರೀ, ನಾನೇ ಅತ್ತಿಗೆಗೆ ಒಂದು ಮಾತು…" ಎಂದೆ.

"ಆಡಿದ್ರೆ ನಾನು ಈ ಮನೇಲಿ ನೀರು ಮುಟ್ಟಲ್ಲ," ಎಂದರು. ಅಲ್ಲಿಗೆ ಮುಗಿಯಿತು.

ಹಾಗಾದರೆ ಫೇಸ್‌ಬುಕ್ಕಿನಲ್ಲಿ ಹಾಕೋಣ ಎಂದೆ.

"ಹಾಕು, ಹಾಕು! ನಾಳೆ ಬಂದರಿನಲ್ಲಿ ಮೀನು ಮಾರೋನು ಕೂಡ ನನ್ನ ಮೂತ್ರದ ಬಣ್ಣ ವಿಚಾರಿಸ್ಲಿ."

ಆಗ ಪಿಸಿಲಾ ಬಾಯಿ ಬಿಟ್ಟಳು. ಅವಳಿಗೆ ಇಪ್ಪತ್ತನಾಲ್ಕು, ತಿಮಿಂಗಿಲ ತೋರಿಸುವ ದೋಣಿಗಳ ಆಫೀಸಿನಲ್ಲಿ ಕೆಲಸ. "ನೆಂಟರಲ್ಲಿ ಒಬ್ಬೊಬ್ರಿಗೂ ಬೇರೆ ಬೇರೆ ಪತ್ರ ಹೋಗ್ಲಿ ಅಪ್ಪ. ಅವರವರ ಹೆಸರು ಹಿಡಿದು, ವರಸೆ ಹಿಡಿದು. ಒಬ್ಬರಿಗೆ ಹೋಗಿದ್ದು ಇನ್ನೊಬ್ಬರಿಗೆ ಕಾಣಲ್ಲ."

"ನೂರೆಂಬತ್ಮೂರು ಜನಕ್ಕೆ ನೀನು ಬರೆದು ಮುಗಿಸೋಷ್ಟರಲ್ಲಿ…" ಎಂದು ಶುರು ಮಾಡಿ ನಾನು ಮಾತು ನುಂಗಿದೆ.

"ನಾನಲ್ಲಮ್ಮ ಬರೆಯೋದು, ಪ್ರೋಗ್ರಾಂ. ಆಫೀಸಲ್ಲಿ ಪ್ರವಾಸಿಗರಿಗೆಲ್ಲ ಹಾಗೇ ಕಳಿಸೋದು. ಪೈಥಾನ್ ಅಂತ ಒಂದು ಭಾಷೆ ಇದೆ."

ಮೂಲೆಯಲ್ಲಿ ಚಾಪೆ ನೇಯುತ್ತಿದ್ದ ನನ್ನತ್ತೆ ಫೂಸಿ ತಲೆಯೆತ್ತಿದರು. ಎಂಬತ್ತೊಂದು ವಯಸ್ಸು, ಕಿವಿ ತಮಗೆ ಬೇಕಾದದ್ದಕ್ಕೆ ಮಾತ್ರ ಚುರುಕು. "ಅದು ಹಾವಿನ ಹೆಸರಲ್ವೇನೇ? ನಮ್ಮ ದ್ವೀಪದಲ್ಲಿ ಹಾವಿಲ್ಲ ಅಂತ ನಾನು ದಿನಾ ದೇವರಿಗೆ ಸ್ತೋತ್ರ ಹೇಳ್ತೀನಿ. ಇವಳು ತಂದು ಮನೆಯೊಳಗೆ ಬಿಡ್ತಿದಾಳೆ!"

"ಕಚ್ಚಲ್ಲ ಅಜ್ಜಿ," ಎಂದು ಪಿಸಿಲಾ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಒಂದು ನಗು ಕೇಳಿದ್ದು.

ಶನಿವಾರ ಮಧ್ಯಾಹ್ನ ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಭಾನುವಾರದ ಊಟಕ್ಕೆ ನಾನು ಅಲ್ಲೇ ಕೆಸುವಿನೆಲೆ ತೊಳೆಯುತ್ತಿದ್ದೆ. ಏನು ಮಾಡುತ್ತಿದ್ದೀಯಾ ಎಂದು ಕೇಳಿದ್ದಕ್ಕೆ ಬಿಡಿಸಿ ಹೇಳಿದಳು. ಪತ್ರ ಮುಟ್ಟಿಸುವ ಕೆಲಸವನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿದ್ದಾರಂತೆ, ಅದಕ್ಕೆ ಲೈಬ್ರರಿ ಎನ್ನುತ್ತಾರಂತೆ. ನಾವು ಅದನ್ನು ಕರೆದು ನಾಲ್ಕು ಮಾತು ಹೇಳಿದರೆ ಸಾಕು: ಅಂಚೆ ಸರ್ವರಿನ ಬಾಗಿಲು ತಟ್ಟು, ಯಾರ ಪರವಾಗಿ ಬಂದೆ ಎಂದು ಹೇಳು, ಪಾಸ್‌ವರ್ಡ್ ಕೊಡು, ಪತ್ರ ಹಾಕು. ಆಮೇಲೆ ಪಟ್ಟಿಯಲ್ಲಿ ಮುಂದಿನ ಹೆಸರು. ಪಟ್ಟಿ ಮುಗಿಯುವವರೆಗೂ ಅದಕ್ಕೆ ಬೇಸರವಿಲ್ಲ, ನಾಚಿಕೆಯೂ ಇಲ್ಲ.

"ನಾಚಿಕೆ ಇಲ್ದಿರೋದೇ ಒಳ್ಳೇದಾಯ್ತು ಬಿಡು," ಎಂದೆ.

ಪಟ್ಟಿ ಹೊಸದೇನಲ್ಲ. ಮೂರು ವರ್ಷದ ಹಿಂದೆ ಕುಟುಂಬದವರೆಲ್ಲ ಸೇರಿದ್ದಾಗ ಮಾಡಿದ್ದು: ಹೆಸರು, ವರಸೆ, ಗಂಡೋ ಹೆಣ್ಣೋ, ಊರು, ಇಮೇಲ್. ಸತ್ತವರ ಹೆಸರನ್ನು ಅದರಿಂದ ಅಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸತ್ತ ಮಾತ್ರಕ್ಕೆ ನೆಂಟಸ್ತನ ಹೋಗುತ್ತದೆಯೇ? ಪಕ್ಕದಲ್ಲಿ ಒಂದು ಶಿಲುಬೆ ಹಾಕಿ ಹಾಗೇ ಇಟ್ಟುಕೊಳ್ಳುತ್ತೇವೆ.

ಪತ್ರದ ಮಾತನ್ನು ನನ್ನ ಗಂಡನೇ ಹೇಳಿ ಬರೆಸಿದರು. ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು. "ನನ್ನ ಕಾಲು ಊದಿಕೊಂಡಿದೆ. ಮೂತ್ರ ದಿನಕ್ಕೆ ಒಂದೇ ಸಲ, ಅದೂ ಚಹಾದ ಬಣ್ಣ. ನನಗೆ ಒಂದು ಕಿಡ್ನಿ ಬೇಕಾಗಿದೆ. ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ."

ಅವರ ಅಕೌಂಟಿನಿಂದಲೇ ಹೋಗಬೇಕಿತ್ತು. ಅದಕ್ಕೆ ಅವರ ಫೋನಿಗೆ ಆರು ಅಂಕಿಯ ಗುಟ್ಟಿನ ನಂಬರು ಬಂತು. ಅದನ್ನು ಓದಿ ಹೇಳುವ ಮುಂಚೆ ಫೋನನ್ನು ಎದೆಗವಚಿಕೊಂಡು ಕೇಳಿದರು:

"ಹೆಂಗಸರಿಗೆ ಹೋಗಲ್ಲ ತಾನೆ?"

"ಇಲ್ಲ ಅಪ್ಪ. ಅಕ್ಕ, ತಂಗಿ, ಚಿಕ್ಕಪ್ಪ ದೊಡ್ಡಪ್ಪಂದಿರ ಹೆಣ್ಣುಮಕ್ಕಳು, ಎಲ್ಲಾ ತೆಗೆದಿದೀನಿ. ಅರವತ್ತೆಂಟು ಹೆಸರು. ಹೆಣ್ಣು ಅಂತ ಇದ್ರೆ ಬಿಟ್ಟು ಮುಂದೆ ಹೋಗು ಅಂತಾನೇ ಬರೆದಿದೀನಿ."

"ಅಕ್ಕನಿಗೆ?"

"ಅಪ್ಪ, ಅವರ ಹೆಸರೇ ಮೊದ್ಲು ತೆಗೆದಿದ್ದು."

ನಂಬರು ಓದಿ ಹೇಳಿದರು. ಪಿಸಿಲಾ ಮೊದಲು ಒಂದು ಪತ್ರವನ್ನು ಪರೀಕ್ಷೆಗೆಂದು ನನಗೇ ಕಳಿಸಿದಳು. ನನ್ನ ಫೋನು ಟಿಣ್ ಎಂದಿತು. ಆಮೇಲೆ ಉಳಿದವು. ಒಟ್ಟಿಗೆ ಬಿಟ್ಟರೆ ಅಂಚೆಯವರು ಕಳ್ಳರೆಂದು ಬಾಗಿಲು ಹಾಕುತ್ತಾರಂತೆ, ಅದಕ್ಕೆ ಅರ್ಧ ನಿಮಿಷಕ್ಕೊಂದು. ಕಪ್ಪು ಪರದೆಯ ಮೇಲೆ ಒಂದರ ಕೆಳಗೊಂದು ಹೆಸರು ಇಳಿಯುತ್ತಿತ್ತು. ನೂರ ಹದಿನೈದು ಪತ್ರ. ನಾನು ಕೆಸುವಿನೆಲೆ ಕಟ್ಟಿ ಮುಗಿಸುವಷ್ಟರಲ್ಲಿ ನನ್ನ ಗಂಡನ ಊದಿದ ಕಾಲು ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್ ಎಲ್ಲ ಕಡೆ ಮುಟ್ಟಿತ್ತು.

ಮೊದಲ ವಾರ ಫೋನು ಟಿಣ್ ಎಂದಾಗಲೆಲ್ಲ ನಾನು ಒಲೆ ಬಿಟ್ಟು ಓಡುತ್ತಿದ್ದೆ. "ನಿಮಗಾಗಿ ಪ್ರಾರ್ಥಿಸುತ್ತೇವೆ." "ನಮ್ಮ ಚರ್ಚಿನಲ್ಲಿ ನಿಮ್ಮ ಹೆಸರು ಹೇಳಿದೆವು." ನಲವತ್ತು ಪತ್ರಗಳಲ್ಲಿ ನಲವತ್ತು ಪ್ರಾರ್ಥನೆ. ಸಿಡ್ನಿಯ ಒಬ್ಬ ದಾಯಾದಿ ಒಂದು ಪೆಟ್ಟಿಗೆ ಡಬ್ಬಿ ಮಾಂಸ ಕಳಿಸುತ್ತೇನೆಂದ.

"ಕಳಿಸ್ಲಿ, ಬೇಗ ಸಾಯ್ತೀನಿ," ಎಂದರು ಇವರು.

ಮೆಲ್ಬರ್ನಿನ ಒಬ್ಬ ಹುಡುಗ ಮಾತ್ರ "ಮಾವ, ನಾನು ಕೊಡುತ್ತೇನೆ" ಎಂದು ಬರೆದ. ಆವತ್ತು ನಾನು ಇವರಿಗೆ ಕದ್ದು ಎರಡು ಚಮಚ ತೆಂಗಿನಹಾಲು ಹಾಕಿದೆ. ಐದನೆಯ ದಿನ ಅವನ ಹೆಂಡತಿ ಬರೆದಳು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿವೆ, ದಯವಿಟ್ಟು ಇನ್ನು ಬರೆಯಬೇಡಿ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಹತ್ತೊಂಬತ್ತು ಪತ್ರ ಮುಟ್ಟದೆ ವಾಪಸ್ ಬಂದಿದ್ದವು. ಮೂರನೆಯ ವಾರ ಪಿಸಿಲಾ ಸರಿಯಾದ ವಿಳಾಸ ಹುಡುಕಲು ಕೂತಳು.

"ಎಲ್ಲದರ ಮೇಲೂ ಒಬ್ಬನದೇ ಹೆಸರಿದೆಯಲ್ಲೇ. ಯಾರು ಈ ಮೇಲರ್ ಡೀಮನ್?" ಎಂದು ನಾನು ಇಣುಕಿದೆ.

"ಡೀಮನ್ ಅಂದ್ರೆ ದೆವ್ವ," ಎಂದರು ಅತ್ತೆ ಮೂಲೆಯಿಂದ. "ನಾನು ಆವತ್ತೇ ಹೇಳ್ದೆ."

"ಪತ್ರ ತಿರುಗಿಸೋ ಪ್ರೋಗ್ರಾಂ ಅಜ್ಜಿ ಅದು," ಎನ್ನುತ್ತ ಪಿಸಿಲಾ ಒಂದೊಂದೇ ಹೆಸರು ಓದತೊಡಗಿದಳು. "ಸಿಯೋನೆ ಮಾಮ… ಅಯ್ಯೋ, ಅವರು ತೀರಿಕೊಂಡಿದಾರೆ. ಪೌಲಾ… ಇವರೂ ಇಲ್ಲ. ಅಮ್ಮ, ಶಿಲುಬೆ ಹಾಕಿದೋರಿಗೂ ಹೋಗಿಬಿಟ್ಟಿದೆ. ಶಿಲುಬೆ ಅಂದ್ರೆ ಏನು ಅಂತ ಪ್ರೋಗ್ರಾಮಿಗೆ ನಾನು ಹೇಳ್ಲೇ ಇಲ್ಲ."

"ಹೋಗ್ಲಿ ಬಿಡು, ಸತ್ತೋರು ಬೇಜಾರು ಮಾಡ್ಕೊಳ್ಳಲ್ಲ."

ಪಟ್ಟಿಯಲ್ಲಿ ಶಿಲುಬೆಗಳನ್ನು ಹುಡುಕುತ್ತಿದ್ದ ಅವಳ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು. "ಇಸಿಲೇಲಿ ಮಾವ," ಎಂದಳು. "ಇದು ವಾಪಸ್ ಬಂದಿಲ್ಲ. ಮುಟ್ಟಿದೆ."

ಇಸಿಲೇಲಿ ಕಲೊಲೈನೆಯ ಗಂಡ. ಸತ್ತು ಎರಡು ವರ್ಷವಾಗಿದೆ.

ಚಾಪೆಯ ಮೇಲೆ ಓಡಾಡುತ್ತಿದ್ದ ಅತ್ತೆಯ ಕೈ ಸ್ತಬ್ಧವಾಯಿತು. "ಅವನ ಫೋನು ಅವಳ ಹತ್ರಾನೇ ಇದೆ," ಎಂದರು. "ನನ್ನ ಹುಟ್ಟುಹಬ್ಬಕ್ಕೆ ಫೋಟೋ ಬಂತಲ್ಲ, ಇಸಿಲೇಲಿ ಹೆಸರಲ್ಲೇ ಬಂತು. ಅವಳು ಅದನ್ನ ಬಿಟ್ಟಿರಲ್ಲ. ದಿನಾ ತೆಗೆದು ನೋಡ್ತಾಳೆ."

"ವಾಪಸ್ ತಗೊಳ್ಳೇ!" ಎಂದೆ ನಾನು.

"ಕಳಿಸಿದ್ದು ವಾಪಸ್ ಬರಲ್ಲಮ್ಮ…"

"ಏನು ಮಹಾ ಓದಿದೀಯ ನೀನು! ಹಂಗಾದ್ರೆ ಕ್ಷಮಿಸಿ ಅಂತ ಇನ್ನೊಂದು ಬರಿ."

"ಬರೀಬೇಡ!" ಅತ್ತೆಯ ದನಿ ನಾನೆಂದೂ ಕೇಳದಷ್ಟು ಗಟ್ಟಿಯಾಗಿತ್ತು. "ಕ್ಷಮೆ ಕಾಗದದಲ್ಲಿ ಕೇಳ್ತಾರೇನೇ? ಹೋಗಿ ಅವಳ ಮುಂದೆ ನೆಲದ ಮೇಲೆ ಕೂತು, ತಲೆ ತಗ್ಗಿಸಿ ಕೇಳ್ಬೇಕು. ಒಂದು ಕಾಗದದಿಂದ ಆಗಿರೋದು ಸಾಲ್ದಾ?"

ಜಗಲಿಯಲ್ಲಿ ಕುರ್ಚಿ ಕಿರುಗುಟ್ಟಿತು. ನನ್ನ ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು.

"ನನ್ನ ಮೂತ್ರದ ಮಾತು ನನ್ನ ಅಕ್ಕ ಓದಿದಾಳೆ," ಎಂದರು. "ನನ್ನ ಹೆಸರಲ್ಲಿ. ನಾನೇ ಹೇಳಿದ ಹಾಗೆ."

"ಅಪ್ಪ…"

"ಮೂರು ವಾರ ಆಯ್ತು. ಒಂದು ಮಾತಿಲ್ಲ ಅವಳಿಂದ." ಅವರು ನಮ್ಮ ಕಡೆ ನೋಡಲಿಲ್ಲ. "ಇನ್ನು ನನ್ನ ಸಾವಿಗೂ ಅವಳು ಬರಲ್ಲ."

ಆವತ್ತಿನಿಂದ ಅವರು ಮಾತ್ರೆ ಬಿಟ್ಟರು. ಬಾಯಿಗಿಟ್ಟರೆ ಕೆನ್ನೆಯೊಳಗೆ ಇಟ್ಟುಕೊಂಡು ಆಮೇಲೆ ಬೇಲಿಯಾಚೆ ಉಗುಳುತ್ತಿದ್ದರು. ಒಂದು ದಿನ ಬೇಲಿಯ ಬುಡದಲ್ಲಿ ಬಿಳಿ ಮಾತ್ರೆಗಳನ್ನು ಕೋಳಿ ಕುಕ್ಕುವುದನ್ನು ಕಂಡೆ. ಇನ್ನು ಯಾರಾದರೂ ಕೊಟ್ಟರೂ ಆಕ್ಲೆಂಡಿಗೆ ಹೋಗುವುದಿಲ್ಲ, ಯಾವ ಮುಖ ಹೊತ್ತು ಹೋಗಲಿ ಎಂದರು. ಬೈದೆ, ಬೇಡಿಕೊಂಡೆ, ತಟ್ಟೆ ಎತ್ತಿ ಹಾಕಿದೆ. ಒಂದು ಮಧ್ಯಾಹ್ನ ಅವರ ಊದಿದ ಪಾದದ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತುಬಿಟ್ಟೆ. ತಲೆ ಎತ್ತಿದಾಗ ನನ್ನ ಹಣೆಯ ಗುರುತು ಅವರ ಚರ್ಮದಲ್ಲಿ ಹಳ್ಳವಾಗಿ ಹಾಗೇ ನಿಂತಿತ್ತು.

"ನಿಮಗೆ ಅಕ್ಕನ ಮರ್ಯಾದೆ ದೊಡ್ಡದು. ನಾನು ಯಾರು ಹಂಗಾದ್ರೆ? ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದೋಳು ಯಾರು?"

"ನೀನು ನನ್ನ ಹೆಂಡತಿ," ಎಂದರು. "ಅದಕ್ಕೇ ನಿನಗೆ ಹೇಳ್ತಿದೀನಿ. ಬಿಟ್ಟುಬಿಡು."

ಪಿಸಿಲಾ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಆಫೀಸಿಗೆ ರಜೆ ಹೇಳಿ ಅಜ್ಜಿಯ ಪಕ್ಕದಲ್ಲಿ ಕೂತು ಚಾಪೆ ನೇಯತೊಡಗಿದಳು. ಅದು ಯಾತಕ್ಕಾಗಿ ನೇಯುತ್ತಿರುವ ಚಾಪೆ ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಗಂಡಸು ಸತ್ತರೆ ಅವನ ತಲೆದೆಸೆಯಲ್ಲಿ ಫಹು ಕೂರುತ್ತಾಳೆ, ಮನೆಯ ಅತಿ ನಯವಾದ ಚಾಪೆ ಅವಳಿಗೆ ಸಲ್ಲುತ್ತದೆ. ಅತ್ತೆ ಆ ಚಾಪೆಯ ಅಂಚನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡುತ್ತಿದ್ದರು. ಹೆತ್ತ ಮಗನ ಸಾವಿನ ಚಾಪೆಯನ್ನು ಹೆತ್ತ ತಾಯಿ ನೇಯುವುದನ್ನು ಕಂಡು ನನಗೆ ಅವರ ಮೇಲಿದ್ದ ಇಪ್ಪತ್ತಾರು ವರ್ಷದ ಸಿಟ್ಟೆಲ್ಲ ಸುಮ್ಮನಾಯಿತು.

ಆರನೆಯ ವಾರ, ಗುರುವಾರದ ವಿಮಾನಕ್ಕೆ ಕಲೊಲೈನೆ ಬಂದಳೆಂದು ಪಾದ್ರಿಯ ಹೆಂಡತಿ ಓಡಿಬಂದು ಹೇಳಿದಳು. ತಮ್ಮ ಮನೆಯಲ್ಲೇ ಇಳಿದುಕೊಂಡಿದ್ದಾಳೆ, ನಾಳೆ ನಮ್ಮಲ್ಲಿಗೆ ಬರುತ್ತಾಳೆ ಎಂದಳು. ಲೆಕ್ಕಪತ್ರದಲ್ಲಿ ಏನೋ ತಪ್ಪಾಗಿದ್ದಕ್ಕೆ ವಿಚಾರಣೆಗೆ ಬರುವ ಅಧಿಕಾರಿಯನ್ನು ಕಾಯುವ ಹಾಗೆ ನಾವು ಮನೆ ಗುಡಿಸಿದೆವು. ಇವರನ್ನು ಹಿಂದಿನ ಕೋಣೆಗೆ ಕರೆದೊಯ್ದು ಮಲಗಿಸಿದೆ. ನಡುವೆ ಒಂದು ಹಲಗೆಯ ಗೋಡೆ ಅಷ್ಟೆ.

ಅವಳು ಬಂದಳು. ಮೈತುಂಬ ಕಪ್ಪು ಬಟ್ಟೆ, ನಮ್ಮ ಪದ್ಧತಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆ, ಕೈಯಲ್ಲಿ ಒಂದು ಚೀಲ. ನಡುಮನೆಯ ಮೇಲಿನ ಜಾಗದಲ್ಲಿ ಕೂತಳು. ತಾಯಿಯ ಕೆನ್ನೆಗೆ ಕೆನ್ನೆ ಒತ್ತಿದಳು. ಪಿಸಿಲಾ ಮಂಡಿಯ ಮೇಲೆ ನಡೆದು ಬಂದು ಅವಳ ಮುಂದೆ ಹಣೆ ನೆಲಕ್ಕಿಟ್ಟಳು.

"ಅತ್ತೆ, ಆ ಪತ್ರ… ತಪ್ಪು ನಂದು. ಅಪ್ಪಂದಲ್ಲ. ನಾನು ಶಿಲುಬೆ ನೋಡ್ಲಿಲ್ಲ."

"ಯಾವ ಪತ್ರ?" ಎಂದಳು ಕಲೊಲೈನೆ.

"ಇಸಿಲೇಲಿ ಮಾವನಿಗೆ ಹೋದ…"

"ಇಸಿಲೇಲಿಗೆ ಬಂದಿದ್ರೆ ಇಸಿಲೇಲಿ ಓದ್ಕೊಂಡಿರ್ತಾನೆ. ಗಂಡನ ಪತ್ರ ನಾನು ಯಾಕೆ ಓದ್ಲಿ? ಏಳು, ಮೂಗು ಒರೆಸ್ಕೋ. ಅಷ್ಟು ಓದಿದ ಹುಡುಗಿ, ಹೀಗಾ ಅಳೋದು?"

ನನಗೆ ಏನೂ ಅರ್ಥವಾಗಲಿಲ್ಲ. ಅತ್ತೆ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದರು. ಕಲೊಲೈನೆ ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ಮೇಲೆ ಆಕ್ಲೆಂಡಿನ ಆಸ್ಪತ್ರೆಯ ಮೊಹರು. ಒಳಗೆ ರಕ್ತಪರೀಕ್ಷೆಯ ಕಾಗದ, ಐದು ವಾರದ ಹಿಂದಿನ ತಾರೀಖು. ಎಂದರೆ ಪತ್ರ ಮುಟ್ಟಿದ ವಾರದೊಳಗೇ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಳು. ಇಲ್ಲಿ ಮಾತ್ರೆಗಳು ಕೋಳಿಯ ಪಾಲಾಗುವ ಮೊದಲೇ ಅವಳು ಅಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡಿದ್ದಳು.

"ಹೊಂದುತ್ತಂತೆ," ಎಂದಳು ನನಗೆ ಮಾತ್ರ ಕೇಳುವ ಹಾಗೆ. "ಇನ್ನೂ ಎರಡು ಪರೀಕ್ಷೆ ಇದೆ. ನನಗೆ ಅರವತ್ತು. ಬೇಡ ಅಂದ್ರೂ ಅನ್ನಬಹುದು. ನನ್ನ ಕೈಲಿರೋದು ಇಷ್ಟೇ ತೆಲೇಸಿಯಾ."

"ಅತ್ತಿಗೆ, ಅವರು ಒಪ್ಪಲ್ಲ," ಎಂದೆ. "ನಾಚಿಕೆಗೆ ಸಾಯ್ತಿದಾರೆ. ಬರೋದೇ ಇಲ್ಲ ಅಂತಿದಾರೆ."

ಕಲೊಲೈನೆ ಹಲಗೆಯ ಗೋಡೆಯ ಕಡೆ ತಿರುಗಲಿಲ್ಲ. ತಾಯಿಯ ಕಡೆಗೇ ನೋಡುತ್ತ, ದನಿ ಮಾತ್ರ ಎತ್ತರಿಸಿದಳು.

"ಅಮ್ಮ, ಈ ಮನೇಲಿ ನಾನು ಕೇಳಿದ್ದನ್ನ ಯಾರಾದ್ರೂ ಇಲ್ಲ ಅಂದಿದಾರಾ?"

"ಇಲ್ಲ," ಎಂದರು ಅತ್ತೆ.

"ಇಸಿಲೇಲಿ ಸತ್ತಾಗ ದೊಡ್ಡ ಹಂದಿ ಕೇಳ್ದೆ."

"ಕೊಟ್ರು."

"ನನ್ನ ಮಗನಿಗೆ ದೋಣಿ ಕೇಳ್ದೆ."

"ಕೊಟ್ರು. ಇಂಜಿನ್ನೂ ಕೊಟ್ರು," ಎಂದು ನಾನೇ ಬಾಯಿ ಹಾಕಿದೆ. ಆ ದೋಣಿಯ ಸಂಕಟ ನನಗಿನ್ನೂ ಆರಿರಲಿಲ್ಲ.

"ಈಗಲೂ ಕೇಳ್ತಿದೀನಿ. ನೀವಿಬ್ರೂ ನೇಯ್ತಿದೀರಲ್ಲ, ಆ ಚಾಪೆ." ಮೂಲೆಯ ಕಡೆ ಕೈ ತೋರಿಸಿದಳು. "ಯಾರ ತಲೆದೆಸೆಯಲ್ಲೂ ಕೂತು ನಾನು ಅದನ್ನ ತಗೊಳ್ಳಲ್ಲ. ನನಗದು ಬೇಡ. ತಗೊಳ್ಳದೇ ಇರೋ ಹಕ್ಕು ಕೇಳ್ತಿದೀನಿ. ಈ ಮನೆ ಕೊಡುತ್ತೋ ಇಲ್ವೋ?"

ಗೋಡೆಯಾಚೆ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಅವರು ಹೇಗೆ ಉತ್ತರ ಕೊಟ್ಟಾರು? ಆ ಮಾತಿಗೆ ತಮ್ಮ ಅಕ್ಕನಿಗೆ ದನಿ ಕೊಡುವಂತಿಲ್ಲ. ಹೊರಗೆ ಕೋಳಿಗಳು ಕೆದಕುತ್ತಿದ್ದವು.

"ಪಿಸಿಲಾ," ಎಂದು ಅವರ ದನಿ ಬಂತು.

ಅವಳು ಓಡಿದಳು. ಏನೋ ಗುಸುಗುಸು. ಹೊರಬಂದು, ನಮ್ಮ ಮುಖ ನೋಡದೆ ಅಟ್ಟಕ್ಕೆ ಹತ್ತಿ, ಬಟ್ಟೆಯ ಗಂಟು ಇಳಿಸಿಕೊಂಡು ಮತ್ತೆ ಒಳಗೆ ಹೋದಳು. ನಾನು ಬಾಗಿಲ ಸಂದಿಯಲ್ಲಿ ನಿಂತೆ. ಇವರು ದಿಂಬಿಗೊರಗಿ ಕೂತಿದ್ದರು, ಮುಖ ಗೋಡೆಯ ಕಡೆಗಿರಲಿಲ್ಲ.

"ಪಟ್ಟಿ ತೆಗೆದುಬಿಡು," ಎಂದರು. "ಒಂದೇ ಹೆಸರು."

"ತೆಗೆದೆ ಅಪ್ಪ. ಯಾರಿಗೆ?"

"ನನ್ನ ಭಾವನಿಗೆ. ಇಸಿಲೇಲಿಗೆ."

ಅವರು ಒಂದೊಂದೇ ಮಾತು ಹೇಳಿದರು: "ಭಾವಾ, ನಿನ್ನ ಹೆಂಡತಿ ಕೇಳಿದ್ದನ್ನು ಈ ಮನೆ ಎಂದೂ ಇಲ್ಲ ಎಂದಿಲ್ಲ. ಈಗಲೂ ಅನ್ನುವುದಿಲ್ಲ. ಮಂಗಳವಾರದ ವಿಮಾನಕ್ಕೆ ನಾನೂ ಬರುತ್ತೇನೆ." ಆಮೇಲೆ, "ಅವಳನ್ನು ನೋಯಿಸಿದೆ. ಅದನ್ನು ಅವಳಿಗೆ ನೀನೇ ಹೇಳು," ಎಂದರು.

ಪಿಸಿಲಾ ಗುಂಡಿ ಒತ್ತಿದಳು. ಕಪ್ಪು ಪರದೆಯಲ್ಲಿ ಒಂದೇ ಒಂದು ಹೆಸರು ಇಳಿಯಿತು, ಪಕ್ಕದಲ್ಲಿ ಶಿಲುಬೆಯ ಸಮೇತ.

ನಾನು ನಡುಮನೆಗೆ ಬಂದೆ. ಕಲೊಲೈನೆ ಕೂತಲ್ಲೇ ಕೂತಿದ್ದಳು. ಅವಳ ಚೀಲದೊಳಗಿನಿಂದ ಟಿಣ್ ಎಂದಿತು.

ಅವಳು ಚೀಲ ತೆರೆಯಲಿಲ್ಲ. ಎರಡು ಕೈಯಲ್ಲೂ ಅದನ್ನು ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದಳು. ಕಣ್ಣೀರು ಗದ್ದದಿಂದ ಕಪ್ಪು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಸಿಲೇಲಿಗೆ ಏನೋ ಬಂತು," ಎಂದಳು. "ತೆಲೇಸಿಯಾ, ಒಲೆ ಮೇಲೆ ಏನಿದೆ? ಹಸಿವಾಗ್ತಿದೆ."

"ಗೆಣಸು ಅತ್ತಿಗೆ," ಎಂದೆ. "ಎರಡು ಸಲ ಬೇಯಿಸಿದ್ದು. ಉಪ್ಪಿಲ್ಲ."

"ಅದನ್ನೇ ಹಾಕು," ಎಂದಳು ಕಲೊಲೈನೆ.